ಕೋಟೆಗೆ ಲಗ್ಗೆ, ಅತ್ತೆ ಸಮೇತ

ಕೋಟೆ ಕಟ್ಟಿಸಿದವರ ಬಗ್ಗೆ ನನಗೆ ಬಹಳ ಗೌರವ. ಅವರಿಗೆ ಇದ್ದದ್ದು ಒಂದೇ ಆಸೆ. ಹೊರಗಿನವರು ಯಾರೂ ಸುಲಭವಾಗಿ ಒಳಗೆ ಬರಬಾರದು. ಅದಕ್ಕೆ ಏನೇನು ಬೇಕೋ ಎಲ್ಲ ಮಾಡಿದರು. ಕಡಿದಾದ ಬೆಟ್ಟ ಹುಡುಕಿದರು. ಕಂದಕ ತೋಡಿದರು. ಬಾಗಿಲನ್ನು ನೇರಕ್ಕೆ ಇಡದೆ ತಿರುವಿನಲ್ಲಿ ಇಟ್ಟರು, ಆನೆ ದೂರದಿಂದ ಓಡಿ ಬಂದು ಗುದ್ದದಿರಲಿ ಅಂತ. ರಾಜರು ಹೋದರು, ದಂಡು ಹೋಯಿತು, ಫಿರಂಗಿ ತುಕ್ಕು ಹಿಡಿಯಿತು. ಕೋಟೆ ಮಾತ್ರ ಇನ್ನೂ ಡ್ಯೂಟಿ ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಒಂದು ಕಾರು, ಒಂದು ಬೈಕು, ಚೀಲಗಟ್ಟಲೆ ತಿಂಡಿ ಕಟ್ಟಿಕೊಂಡು ಹೊರಡುವ ನಮ್ಮಂಥವರನ್ನು ಇವತ್ತಿಗೂ ತಡೆಯುತ್ತಲೇ ಇದೆ.

ಇದನ್ನು ನಮ್ಮ ಯಜಮಾನರಿಗೆ ಹೇಳಿದರೆ ಕೇಳುವುದಿಲ್ಲ. ವಾರವೆಲ್ಲ ಲೆಕ್ಕಪತ್ರದ ಕೆಲಸ ಅವರದು. ಭಾನುವಾರ ಬಂದರೆ ಒಂದು ಗೋಡೆ, ಒಂದು ಬುರುಜು, ಕಡೇಪಕ್ಷ ಒಂದರ ಮೇಲೊಂದು ನಿಂತ ನಾಲ್ಕು ಹಳೇ ಕಲ್ಲನ್ನಾದರೂ ನೋಡಲೇಬೇಕು. ಶನಿವಾರ ರಾತ್ರಿ ಆ ಜಾಗದ ಚರಿತ್ರೆಯನ್ನೆಲ್ಲ ಹುಡುಕಿ, ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬರುತ್ತಾರೆ. ಮಾರನೇ ದಿನ ಅದೇ ಜಾಗದಲ್ಲಿ, ಬಿಸಿಲಲ್ಲಿ ನಿಂತು, ನಮಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ನಾವು ಕೇಳುವುದಿಲ್ಲ. ಪಕ್ಕದಲ್ಲಿ ನಿಂತ ಬೇರೆ ಊರಿನವರು ಗೈಡ್ ಅಂದುಕೊಂಡು ಕೇಳುತ್ತಾರೆ. ಒಮ್ಮೆ ಯಾರೋ ಪುಣ್ಯಾತ್ಮರು ಐವತ್ತು ರೂಪಾಯಿ ಕೈಗಿಟ್ಟು ಹೋದರು. ಬೇಡ ಅನ್ನುವಷ್ಟರಲ್ಲಿ ಅವರು ಬಸ್ಸು ಹತ್ತಿಯಾಗಿತ್ತು. ಆ ನೋಟನ್ನು ಇವರು ಖರ್ಚು ಮಾಡದೆ ಪರ್ಸಿನಲ್ಲಿ ಬೇರೆಯಾಗಿಯೇ ಇಟ್ಟುಕೊಂಡಿದ್ದರು.

ಸೇನಾಪತಿ ಇವರು. ಇನ್ನು ದಂಡಿನ ವಿಷಯ. ನಾದಿನಿ, ಅವಳ ಇಂಜಿನಿಯರಿಂಗ್ ಓದುವ ಮಗ, ಪುಟ್ಟ ಮಗಳು. ನಾದಿನಿಯ ಗಂಡನಿಗೆ ಸರಿಯಾಗಿ ಭಾನುವಾರವೇ ಸೊಂಟ ಹಿಡಿದುಕೊಳ್ಳುತ್ತದೆ, ಸೋಮವಾರ ಬಿಡುತ್ತದೆ. ನಮ್ಮ ಮಗ ಪಿಯುಸಿ. ಬೆಟ್ಟಕ್ಕೆ ಹೋಗುವಾಗಲೂ ಮದುವೆಗೆ ಹೊರಟಷ್ಟು ಸೆಂಟು ಹಾಕಿಕೊಳ್ಳುತ್ತಾನೆ. ಆಮೇಲೆ ನಮ್ಮ ಅತ್ತೆ.

ಅತ್ತೆ ಪಾಂಡವಪುರದ ಕಡೆಯವರು. ಪ್ರತಿ ಸಲ ಹೊರಡುವ ಮುಂಚೆ ಇಷ್ಟು ಮಾತು ಆಗಲೇಬೇಕು.

"ಎಲ್ಲಿಗೆ ಓಯ್ತಿರದು?"

"ಕೋಟೆ ನೋಡಕ್ಕೆ ಅವ್ವ."

"ಅಲ್ಲೇನೈತೆ?"

"ಹಳೇ ಗೋಡೆ, ಬುರುಜು..."

"ಕಲ್ ನೋಡಕ್ಕೆ ಪೆಟ್ರೋಲ್ ಸುಟ್ಕಂಡು ಓಬೇಕಾ? ನಮ್ ಕಡೆ ಕಲ್ಲಿಗೇನ್ ಬರವಾ?"

ಇಷ್ಟು ಹೇಳಿ, ಎಲ್ಲರಿಗಿಂತ ಮೊದಲು ಹೋಗಿ ಕಾರಿನ ಮುಂದಿನ ಸೀಟು ಹಿಡಿದು ಕೂರುವವರೂ ಅವರೇ.

ಶ್ರೀರಂಗಪಟ್ಟಣ ನಮಗೆ ತೀರಾ ಹತ್ತಿರ, 15 ಕಿಲೋಮೀಟರ್ ಚಿಲ್ಲರೆ. ಅಲ್ಲಿಗೆ ಹೋಗುವುದರಲ್ಲಿ ಎಡವಟ್ಟಾಗೋಕೆ ಏನಿದೆ ಅಂತ ನೀವು ಕೇಳಬಹುದು. ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ ಬಿಡುವುದಿಲ್ಲ. ಹಾಗಾಗಿ ನಮ್ಮ ದಂಡು ಎರಡು ಭಾಗವಾಯಿತು. ನಾದಿನಿಯ ಮಗ ಬೈಕಿನಲ್ಲಿ ಸರ್ವಿಸ್ ರಸ್ತೆ ಹಿಡಿದ. ಉಳಿದವರು ಕಾರಿನಲ್ಲಿ ಮೇಲೆ. ಕಾರಿನಲ್ಲಿ ಕಾಲಿಡಲು ಜಾಗ ಇರಲಿಲ್ಲ ಅಂತ ತಿಂಡಿ ಚೀಲವನ್ನು ಬೈಕಿನವನಿಗೇ ಕೊಟ್ಟಿದ್ದೆವು. ಕಾರಿನಲ್ಲಿ ಯಜಮಾನರು, ಕಾವೇರಿ ಎರಡು ಕವಲಾಗಿ ಊರನ್ನು ಹೇಗೆ ಸುತ್ತುವರಿಯುತ್ತಾಳೆ, ಶತ್ರುಗಳಿಗೆ ಈ ದ್ವೀಪವನ್ನು ಮುಟ್ಟುವುದು ಎಷ್ಟು ಕಷ್ಟವಾಗಿತ್ತು ಅಂತ ವಿವರಿಸುತ್ತಿದ್ದರು. ವಿವರಿಸುತ್ತಾ ವಿವರಿಸುತ್ತಾ ಇಳಿಯಬೇಕಾದ ಜಾಗ ದಾಟಿತು. ಆ ರಸ್ತೆಯಲ್ಲಿ ಬೇಕೆಂದ ಕಡೆ ತಿರುಗಿಸೋಕೆ ಆಗುತ್ತಾ? ಮಂಡ್ಯದ ದಿಕ್ಕಿನಲ್ಲಿ ನಡೆದೇ ಬಿಟ್ಟೆವು. ಸುತ್ತಿಕೊಂಡು ವಾಪಸ್ ಬಂದಾಗ ಹುಡುಗ ಕೋಟೆಯ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದ. ಇಡ್ಲಿ ಉಳಿದಿತ್ತು. ಚಟ್ನಿ ಮುಗಿದಿತ್ತು.

"ಅತ್ತೆ, ಹಸಿವಾಯ್ತು, ಒಂದೆರಡು ತಿಂದೆ ಅಷ್ಟೇ" ಅಂದ. ಚಟ್ನಿ ಡಬ್ಬಿ ಒರೆಸಿಟ್ಟಷ್ಟು ಚೊಕ್ಕವಾಗಿತ್ತು.

ಒಣ ಇಡ್ಲಿ ನುಂಗುತ್ತಾ ನಾವು 1799ರ ಮೇ 4ರ ಕಥೆ ಕೇಳಿದೆವು. ಬ್ರಿಟಿಷರು ನುಗ್ಗಿದ್ದು ಮಧ್ಯಾಹ್ನ ಒಂದರ ಸುಮಾರಿಗೆ. ಮೇ ತಿಂಗಳಾದ್ದರಿಂದ ಹೊಳೆಯಲ್ಲಿ ನೀರು ಕಡಿಮೆ. ಮಳೆ ಹಿಡಿದಿದ್ದರೆ ದಾಟೋಕೆ ಆಗುತ್ತಿರಲಿಲ್ಲ. ಬಿಸಿಲು ಏರಿ, ಒಳಗಿನವರು ಊಟ, ವಿಶ್ರಾಂತಿ ಅಂತ ಇರುವ ಹೊತ್ತನ್ನೇ ಲೆಕ್ಕ ಹಾಕಿ ಬಂದರು. ಅವತ್ತೇ ಟಿಪ್ಪು ಕೋಟೆಯೊಳಗೆ ಹೋರಾಡುತ್ತಾ ಸತ್ತ.

ಅದುವರೆಗೂ ಕಡಲೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಉಣ್ಣೋ ಒತ್ನಲ್ಲಿ ಮನೆಗ್ ನುಗ್ಗೋರು ಒಳ್ಳೇರಲ್ಲ ಕನ ಬುಡು" ಅಂದರು. ಮೈಸೂರು ಯುದ್ಧಗಳ ಬಗ್ಗೆ ನಾನು ಶಾಲೆಯಲ್ಲಿ ಉರು ಹೊಡೆದ ಯಾವ ಉತ್ತರವೂ ಇಷ್ಟು ಚೆನ್ನಾಗಿರಲಿಲ್ಲ.

ಅವತ್ತು ಮುಂದೆ ನಿಂತು ದಂಡು ನುಗ್ಗಿಸಿದ ಡೇವಿಡ್ ಬೇರ್ಡ್ ಎಂಬಾತ, ಅದಕ್ಕೂ ಮುಂಚೆ ಇದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದವನಂತೆ. ಅಷ್ಟು ದಿನ ನೋಡಿಯೂ ಸಾಲದೆ ಮತ್ತೆ ಬಂದ. ನೋಡಿದ ಕೋಟೆಯನ್ನೇ ಮತ್ತೆ ಮತ್ತೆ ನೋಡುವವರು ಆ ಕಾಲಕ್ಕೂ ಇದ್ದರು ಅನ್ನಿ.

ಕರ್ನಲ್ ಬೇಲಿ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನ ಬಂದೀಖಾನೆಗೂ ಇಳಿದೆವು. ಬ್ರಿಟಿಷ್ ಸೆರೆಯಾಳುಗಳನ್ನು ಇಟ್ಟಿದ್ದ ಜಾಗ. ಗಾರೆಯ ಕಮಾನುಗಳು, ಗೋಡೆಯುದ್ದಕ್ಕೂ ಸರಪಳಿ ಕಟ್ಟಲು ತೂತು ಕೊರೆದ ಕಲ್ಲುಗಳು. ನಡುವೆ ಒಂದು ಫಿರಂಗಿ ಬಿದ್ದಿದೆ, ಯುದ್ಧದ ಸಮಯದಲ್ಲಿ ಮಾಳಿಗೆ ಒಡೆದುಕೊಂಡು ಮೇಲಿನಿಂದ ಬಿದ್ದದ್ದಂತೆ. ಯಜಮಾನರ ದನಿ ಗದ್ಗದವಾಯಿತು. ಹಿಂತಿರುಗಿ ನೋಡಿದರೆ ಅತ್ತೆ ಒಂದು ಕಮಾನಿನ ಕೆಳಗೆ ಸೆರಗು ಹಾಸಿಕೊಂಡು ಗೋಡೆಗೆ ಒರಗಿದ್ದರು. "ಏನ್ ತಣ್ಣಗೈತೆ ಕನವ್ವ! ನಮ್ಮನೆ ಆರ್‌ಸಿಸಿಗಿಂತ ಇದೇ ವಾಸಿ." ಅವರನ್ನು ಸೆರೆಯಿಂದ ಬಿಡಿಸಿಕೊಂಡು ಬರಬೇಕಾದರೆ ಕಬ್ಬಿನ ಹಾಲು ಕೊಡಿಸುತ್ತೇವೆ ಅಂತ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಮೈಸೂರು ರೈಲು ಹಳಿ ಜೋಡಿಯಾಗುವಾಗ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಒಡೆಯುವ ಹಾಗಿಲ್ಲ. 2017ರಲ್ಲಿ ಅದನ್ನು ಇಡಿಯಾಗಿ ಬುಡದಿಂದ ಎತ್ತಿ, ನೂರು ಮೀಟರಿಗೂ ಆಚೆ ಸಾಗಿಸಿ ಇಟ್ಟರು. ನೂರಾರು ಟನ್ನಿನ ಕಟ್ಟಡ. ಯಜಮಾನರು ಅದರ ಮುಂದೆ ನಿಂತು, ಜಾಕಿ ಹೇಗೆ ಕೊಟ್ಟರು, ಗೋಡೆ ಬಿರುಕು ಬಿಡದ ಹಾಗೆ ಹೇಗೆ ಕಾಪಾಡಿದರು ಅಂತ ಭಾವುಕರಾಗಿ ಹೇಳಿದರು. ನಾನೂ ಭಾವುಕಳಾದೆ. ಮಲಗುವ ಕೋಣೆಯ ಬೀರುವನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಿ ಅಂತ ದಸರೆಯಿಂದ ಹೇಳುತ್ತಿದ್ದೇನೆ.

ಶ್ರೀರಂಗಪಟ್ಟಣ ಬಯಲಿನ ಕೋಟೆ, ಪಾಪ ಅಷ್ಟೇನೂ ಗೋಳು ಹುಯ್ಯುವುದಿಲ್ಲ. ನಿಜವಾದ ಪರೀಕ್ಷೆ ಬೆಟ್ಟಗಳದ್ದು.

ಕುಂತಿಬೆಟ್ಟ ಪಾಂಡವಪುರದ ಪಕ್ಕದಲ್ಲೇ ಇದೆ. ಪಾಂಡವರು ಇಲ್ಲಿ ಇದ್ದರು ಅಂತ ಊರಿನವರ ನಂಬಿಕೆ. ಊರಿನ ಹಳೇ ಹೆಸರು ಹಿರೋಡೆ. ಹೈದರ್, ಟಿಪ್ಪು ಕಡೆಯ ಫ್ರೆಂಚ್ ಸಿಪಾಯಿಗಳು ಇಲ್ಲಿ ಬಿಡಾರ ಹೂಡಿದ್ದರಿಂದ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಅಂದರು. "ಅವ್ವ, ನಿಮ್ಮೂರಿಗೆ ಫ್ರೆಂಚರು ಬಂದಿದ್ರು ಗೊತ್ತಾ?" ಅಂತ ಯಜಮಾನರು ಕೇಳಿದರು. "ಬಂದಿರ್ಬೋದಪ್ಪ. ನಮ್ಮನೆಗೇನ್ ಬಂದಿರ್ಲಿಲ್ಲ" ಅಂದರು ಅತ್ತೆ.

ಅವರು ಬೆಟ್ಟ ಹತ್ತಲು ಒಪ್ಪಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಇದೇ ಬೆಟ್ಟದಲ್ಲಿ ಮೇಕೆ ಕಾಯ್ದವರಂತೆ. "ಮೇಕೆ ಇಲ್ದೆ ಸುಮ್ಸುಮ್ನೆ ಯಾಕ್ ಮ್ಯಾಕತ್ಲಿ?" ಅಂದು ಕೆಳಗಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು.

ನಾದಿನಿ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಬೆಟ್ಟ ಅಂದ ಮೇಲೆ ಚಾಮುಂಡಿ ಬೆಟ್ಟದ ಹಾಗೆ ಕೊನೇವರೆಗೆ ಮೆಟ್ಟಿಲು ಇರುತ್ತೆ ಅಂತ ಅವಳ ಲೆಕ್ಕ. ಇಲ್ಲಿ ಸ್ವಲ್ಪ ದೂರ ಹೋದ ಮೇಲೆ ಬರೀ ಬಂಡೆ. ಅರ್ಧ ಬಂಡೆ ಏರುವಷ್ಟರಲ್ಲಿ ಎಡಗಾಲಿನ ಅಟ್ಟೆ ಕಿತ್ತುಕೊಂಡು, ಅವಳಿಗಿಂತ ಮೊದಲೇ ಕೆಳಕ್ಕೆ ಹೊರಟಿತು. ನಮ್ಮ ಮಗ ಓಡಿ ಹಿಡಿದ. ಕಟ್ಟೋಕೆ ದಾರ ಬೇಕಲ್ಲ? ಬ್ಯಾಗಿನಲ್ಲಿ ಬಿಸ್ಕೆಟ್ಟು, ಪವರ್ ಬ್ಯಾಂಕು, ಸನ್‌ಸ್ಕ್ರೀನು, ಎಲ್ಲ ಇದೆ, ಒಂದು ಗೇಣು ದಾರ ಇಲ್ಲ. ಕೊನೆಗೆ ಅವಳು ಮುಡಿದಿದ್ದ ಮಲ್ಲಿಗೆ ಮಾಲೆ ಬಿಚ್ಚಿ, ಹೂವು ಉದುರಿಸಿ, ಆ ಬಾಳೆನಾರಿನಿಂದ ಚಪ್ಪಲಿ ಬಿಗಿದೆವು. ಹೂವು ಕರ್ಚೀಫಿನಲ್ಲಿ, ನಾರು ಕಾಲಿನಲ್ಲಿ. "ಅತ್ತಿಗೆ, ಇದನ್ನ ಫೋಟೋ ತೆಗೀಬೇಡಿ" ಅಂದಳು. ಅಷ್ಟರಲ್ಲಿ ಅವಳ ಮಗಳು ವೀಡಿಯೋನೇ ಮಾಡಿ ಅಪ್ಪನಿಗೆ ಕಳಿಸಿದ್ದಳು. ಆ ಕಡೆಯಿಂದ ಸೊಂಟ ನೋವಿನವರು ತಕ್ಷಣ ನಗುವ ಮುಖ ಕಳಿಸಿದರು, ಒಂದಲ್ಲ, ಒಂದು ಸಾಲು.

ಬೆಟ್ಟ ಹತ್ತುವಾಗ ಇನ್ನೊಂದು ಶಾಸ್ತ್ರ ಇದೆ. ಇಳಿದು ಬರುವವರನ್ನು "ಇನ್ನೆಷ್ಟು ದೂರ?" ಅಂತ ಕೇಳುವುದು. "ಇಲ್ಲೇ, ಐದು ನಿಮಿಷ" ಅಂತ ಅವರು ಹೇಳುವುದು. ಅರ್ಧ ಗಂಟೆಯಾದ ಮೇಲೆ ಸಿಕ್ಕವರೂ ಐದು ನಿಮಿಷ ಅನ್ನುತ್ತಾರೆ. ಅವರ ಮೇಲೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ನಾವು ಇಳಿಯುವಾಗ ಮಗು ಎತ್ತಿಕೊಂಡ ಒಬ್ಬರು ಬೆವರು ಒರೆಸಿಕೊಳ್ಳುತ್ತಾ ಅದನ್ನೇ ಕೇಳಿದರು. ನಾವೆಲ್ಲ ಒಟ್ಟಿಗೆ, ಯಾರೂ ಹೇಳಿಕೊಡದೆ, "ಐದೇ ನಿಮಿಷ!" ಅಂದೆವು.

ಕೆಳಗೆ ಬಂದರೆ ಅತ್ತೆಯ ಮುಂದೆ ಎರಡು ಖಾಲಿ ಟೀ ಲೋಟ, ಒಂದು ತಟ್ಟೆ ಬೋಂಡ. ದುಡ್ಡು ಕೊಡಲು ಹೋದರೆ ಅಂಗಡಿಯವರು ತೆಗೆದುಕೊಳ್ಳಲಿಲ್ಲ. "ನಮ್ ಚಿಕ್ಕವ್ವನ ಮಗಳ್ನ ಇವ್ರ ದೊಡ್ಡಪ್ಪನ ಮನೇಗೇ ಕೊಟ್ಟಿರದು" ಅಂದರು ಅತ್ತೆ. ಇದು ಅವರ ವಿದ್ಯೆ. "ಯಾವೂರಪ್ಪ ನಿಂದು?" ಅಂತ ಶುರು ಮಾಡಿದರೆ, ನಾಲ್ಕನೇ ಪ್ರಶ್ನೆಗೆ ಯಾರಾದರೂ ಮಾವನೋ ಅಳಿಯನೋ ಆಗಿಯೇ ತೀರುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಐದನೇ ಪ್ರಶ್ನೆ ಕೇಳಬೇಕಾಗಿ ಬಂದದ್ದನ್ನು ನಾನಂತೂ ನೋಡಿಲ್ಲ.

ಮೇಲುಕೋಟೆ ದೇವರ ಊರು. ರಾಮಾನುಜಾಚಾರ್ಯರು ಬಂದು ನೆಲೆಸಿದ್ದ ಜಾಗ, ಚೆಲುವನಾರಾಯಣನ ವೈರಮುಡಿ ಉತ್ಸವಕ್ಕೆ ಜನ ಮುಗಿಬೀಳುವ ಜಾಗ. ಆದರೆ ನಮ್ಮವರ ಪಟ್ಟಿಯಲ್ಲಿ ಅದೂ ಕೋಟೆಯೇ. ನಮಗೂ ತಕರಾರಿಲ್ಲ, ಪುಳಿಯೋಗರೆ ಸಿಗುತ್ತಲ್ಲ. ಬೆಟ್ಟದ ಮೇಲಿನ ಯೋಗಾನರಸಿಂಹ ಸ್ವಾಮಿಗೆ ಕಾವಲು ಯಾರು ಅಂದರೆ ಕೋತಿಗಳು. ಮೆಟ್ಟಿಲಿನ ಎರಡೂ ಕಡೆ ಸಾಲಾಗಿ ಕೂತು, ಹತ್ತುವವರ ಕೈ ನೋಡುತ್ತವೆ, ಮುಖ ನೋಡುವುದಿಲ್ಲ. ಕವರ್ ಅನ್ನೋ ಸದ್ದು ಕೇಳಿದರೆ ಮುಗಿಯಿತು.

ನಾನು ಪುಳಿಯೋಗರೆ ಪೊಟ್ಟಣವನ್ನು ಕಾರಿನಲ್ಲೇ ಬಿಟ್ಟಿದ್ದೆ. ಮಕ್ಕಳ ಜೇಬು ಖಾಲಿ ಮಾಡಿಸಿದ್ದೆ. ಕೈಯಲ್ಲಿ ಏನೋ ಇದ್ದದ್ದು ಯಜಮಾನರದು ಮಾತ್ರ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಚರಿತ್ರೆಯ ಹಾಳೆಗಳು. ಕಲ್ಯಾಣಿ ಚೆನ್ನಾಗಿ ಕಾಣುವ ಒಂದು ತಿರುವಿನಲ್ಲಿ ನಿಂತು, ಕವರಿನಿಂದ ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡರು. ಒಂದು ದೊಡ್ಡ ಗಡವ ಬಂದು, ಅವಸರವೇ ಇಲ್ಲದೆ, ಅಷ್ಟನ್ನೂ ಕಿತ್ತುಕೊಂಡು ಗೋಡೆ ಹತ್ತಿತು. ಮೊದಲ ಹಾಳೆ ಮೂಸಿತು. ಎರಡನೆಯದನ್ನು ಕಚ್ಚಿ ನೋಡಿತು. ಆಮೇಲೆ ಒಂದೊಂದಾಗಿ ಗಾಳಿಗೆ ಬಿಟ್ಟಿತು. ರಾಮಾನುಜರಿಂದ ಹಿಡಿದು ಮೈಸೂರು ಒಡೆಯರವರೆಗೆ ಎಲ್ಲವೂ ಕಲ್ಯಾಣಿಯ ಕಡೆಗೆ ತೇಲುತ್ತಾ ಹೋಯಿತು.

ನಮ್ಮ ಮಗ ಕೈ ಮುಗಿದ. ದೇವರಿಗೋ ಕೋತಿಗೋ ಸರಿಯಾಗಿ ಗೊತ್ತಾಗಲಿಲ್ಲ.

ಓದು ಇಲ್ಲದ್ದರಿಂದ ಅವತ್ತು ಬೇಗ ಇಳಿದೆವು. ಅಕ್ಕ ತಂಗಿ ಕೊಳ ನೋಡಿದೆವು. ಪಕ್ಕಪಕ್ಕದ ಎರಡು ಕೊಳ, ಒಂದರ ನೀರು ಕುಡಿಯೋಕೆ ಬರುತ್ತೆ, ಇನ್ನೊಂದರದು ಬರಲ್ಲ ಅನ್ನುತ್ತಾರೆ. ನಾನು ನಾದಿನಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಯಾರೂ ಏನೂ ಹೇಳಲಿಲ್ಲ. ರಾಯಗೋಪುರಕ್ಕೆ ಹೋದರೆ ಅಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳ ಸರತಿ. ಕಟ್ಟಿ ಮುಗಿಯದ ಗೋಪುರ ಅದು. ಬರೀ ಎತ್ತರದ ಕಂಬಗಳು ಆಕಾಶಕ್ಕೆ ನಿಂತಿವೆ. ನಾವು ಯಾವ ಕಡೆ ನಿಂತರೂ ಯಾರಾದರೂ ಒಬ್ಬ ಫೋಟೋಗ್ರಾಫರ್ "ಆಂಟಿ, ಸ್ವಲ್ಪ ಪಕ್ಕಕ್ಕೆ" ಅನ್ನುತ್ತಿದ್ದ.

ಮೇಲುಕೋಟೆಯಿಂದ ಹೆಚ್ಚು ದೂರವಿಲ್ಲ ನಾರಾಯಣದುರ್ಗ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ರಾಯಸಮುದ್ರದ ಹತ್ತಿರ. ಇದು ಹೆಸರಿಗೆ ತಕ್ಕ ದುರ್ಗ. ಪುಳಿಯೋಗರೆ ಅಂಗಡಿಯೂ ಇಲ್ಲ, ಫೋಟೋಗ್ರಾಫರೂ ಇಲ್ಲ. ಒಂದು ಭಾನುವಾರ ಅದಕ್ಕೂ ಹೊರಟೆವು. ಕೋತಿ ಪ್ರಸಂಗದ ನಂತರ ಯಜಮಾನರು ಹಾಳೆ ಬಿಟ್ಟು ಎಲ್ಲವನ್ನೂ ಮೊಬೈಲಿನಲ್ಲೇ ಇಟ್ಟುಕೊಂಡಿದ್ದರು. ದಾರಿ ತೋರಿಸುವುದೂ ಅದೇ ಮೊಬೈಲು.

"ಎಡಕ್ಕೆ ತಿರುಗಿ" ಅಂತು. ತಿರುಗಿದೆವು. ಟಾರು ಹೋಗಿ ಮಣ್ಣಾಯಿತು. "ನೇರ ಹೋಗಿ" ಅಂತು. ಮಣ್ಣಿನ ರಸ್ತೆ ಹೋಗಿ ಗಾಡಿ ಜಾಡಾಯಿತು. ಎರಡೂ ಕಡೆ ಆಳೆತ್ತರದ ಕಬ್ಬು. ಬೆಟ್ಟ ಎದುರಿಗೆ ಕಾಣುತ್ತಿದ್ದದ್ದೂ ಮರೆಯಾಯಿತು. ಕೊನೆಗೆ ಎದುರಿಗೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು, ಟ್ರೈಲರ್ ತುಂಬ ಕಬ್ಬು. ಅದು ಹಿಂದಕ್ಕೆ ಹೋಗುವ ಮಾತೇ ಇಲ್ಲ. ಓಡಿಸುತ್ತಿದ್ದವರು ಎಂಜಿನ್ ಆರಿಸಿ, ಬೀಡಿ ಹಚ್ಚಿ, ನಿಧಾನವಾಗಿ ಕೇಳಿದರು.

"ಬೆಟ್ಟಕ್ಕಾ?"

"ಹೌದಣ್ಣ. ಮ್ಯಾಪಿನಲ್ಲಿ ಹಿಂಗೇ ತೋರಿಸ್ತು."

"ಆ ಫೋನಮ್ಮ ವಾರಕ್ಕೊಬ್ರನ್ನ ನಮ್ ಗದ್ದೆಗೇ ಕಳುಸ್ತಾಳೆ ಕನಣ್ಣ. ಅವ್ಳಿಗೆ ನಮ್ ಮೇಲೆ ಏನ್ ಪಿರೂತಿಯೋ."

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಯಾವೂರಪ್ಪ ನಿಂದು?"

ನನಗೆ ಸಮಾಧಾನವಾಯಿತು. ಕಾರು ಹಿಂದಕ್ಕೆ ತೆಗೆಸಿ, ಸರಿಯಾದ ದಾರಿಗೆ ಹಚ್ಚಿಸಿ, ಅತ್ತೆಯನ್ನು ತಮ್ಮ ಆಲೆಮನೆಯಲ್ಲಿ ಇಳಿಸಿಕೊಳ್ಳುವವರೆಗೆ ಆ ಅಣ್ಣ ನಮಗೆ ವರಸೆಯಲ್ಲಿ ಮೈದುನ ಆಗಿದ್ದರು. ಹೊರಡುವ ಮುಂಚೆ ನಮ್ಮ ಮಗನ ಹತ್ತಿರ ಬಂದು ಮೂಸಿ ನೋಡಿದರು. "ಇಂಗ್ ಸೆಂಟ್ ಒಡ್ಕಂಡು ಮ್ಯಾಕೋಗ್ಬೇಡ ಮಗ. ಬಂಡೆ ಸಂದಿ ಹೆಜ್ಜೇನು ಇರ್ತವೆ." ಹುಡುಗನನ್ನು ಪಂಪ್‌ಸೆಟ್ಟಿನ ಕೆಳಗೆ ನಿಲ್ಲಿಸಿ ತೊಳೆದರು. ಅವನು ಒದ್ದೆ ಅಂಗಿಯಲ್ಲೇ ದುರ್ಗ ಹತ್ತಿದ. ನಮ್ಮಲ್ಲಿ ಬಿಸಿಲಿಗೆ ಹೆದರದವನು ಅವನೊಬ್ಬನೇ.

ದಾರಿ ಅಂತ ಇರಲಿಲ್ಲ. ಲಂಟಾನ ಪೊದೆಗಳ ನಡುವೆ ಆಡು ನಡೆದ ಜಾಡು, ಅದು ಮುಗಿದರೆ ಬೋಳು ಬಂಡೆ. ಕೈ ಕಾಲು ಎರಡೂ ಊರಿ ಹತ್ತಿದೆವು. ನಾದಿನಿ ಈ ಸಲ ಮಗನ ಕ್ಯಾನ್ವಾಸ್ ಶೂ ಹಾಕಿದ್ದಳು, ಎರಡು ಸೈಜು ದೊಡ್ಡದು, ಒಳಗೆ ಹಳೇ ಪೇಪರು ತುರುಕಿ. ನೀರು ಅರ್ಧದಲ್ಲೇ ಮುಗಿಯಿತು. ಇಂಥ ಕಡೆ ಎತ್ತರದಲ್ಲಿ ನಿಂತ ನಾಲ್ಕು ಜನ ಕಾವಲಿನವರು ಸಾಕು, ದಂಡಿಗೆ ದಂಡೇ ವಾಪಸ್ ಹೋಗುತ್ತಿತ್ತು. ಕಾವಲಿನವರು ಇಲ್ಲದೆಯೇ ನಾನು ಅಲ್ಲಲ್ಲಿ ವಾಪಸ್ ಹೋಗಲು ರೆಡಿ ಇದ್ದೆ.

ಕೋಟೆಯ ಗೋಡೆ ಅಂತೂ ಬಂತು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ, ಅದರ ಮೇಲೆ ಯಾವನೋ ಪ್ರೇಮಿ ಸುಣ್ಣದಲ್ಲಿ ಬರೆದ ಹೆಸರು. ಯಜಮಾನರು ಬೆವರು ಒರೆಸಿಕೊಂಡು, ಜಾಗ ನೋಡಿ ನಿಂತು, ಮೊಬೈಲ್ ತೆಗೆದರು. ದಾರಿ ತೋರಿಸಿ ತೋರಿಸಿ ಅದರ ಚಾರ್ಜು ಸತ್ತಿತ್ತು. ಪವರ್ ಬ್ಯಾಂಕು? ಕೆಳಗೆ, ಅತ್ತೆಯ ಹತ್ತಿರ ಬಿಟ್ಟ ಬ್ಯಾಗಿನಲ್ಲಿ. ಇವರು ಬಾಯಿ ತೆರೆದರು, ಮುಚ್ಚಿದರು. ಅಷ್ಟರಲ್ಲಿ ಮೇಕೆಗಳ ಹಿಂದೆ ಬಂದ ಒಬ್ಬ ಹುಡುಗ ನಮ್ಮನ್ನು ನೋಡಿ ನಿಂತ. ಕೇಳದೆಯೇ ಶುರು ಮಾಡಿದ.

"ಇದು ಗೋಡೆ. ಅದು ಬಾಗ್ಲು. ಆ ಕಡೆ ಕೊಳ. ಬಿದ್ರೆ ಎತ್ತಕ್ಕೆ ಯಾರೂ ಬರಲ್ಲ."

ಇಷ್ಟೇ. ನಾನು ಕೇಳಿದ ಕೋಟೆ ಪರಿಚಯಗಳಲ್ಲೆಲ್ಲ ಇದೇ ಉತ್ತಮ. ಯಜಮಾನರು ಪರ್ಸು ತೆಗೆದು, ಬೇರೆಯಾಗಿ ಇಟ್ಟಿದ್ದ ಆ ಐವತ್ತರ ನೋಟನ್ನು ಅವನ ಕೈಗೆ ಕೊಟ್ಟರು. ಹುಡುಗ ನೋಟನ್ನು ಬೆಳಕಿಗೆ ಹಿಡಿದು ಅಸಲಿಯೋ ನಕಲಿಯೋ ನೋಡಿ ಜೇಬಿಗೆ ಹಾಕಿಕೊಂಡ.

ಇಳಿಯುವಾಗ ಕೂತುಕೊಂಡು ಜಾರಿದೆವು. ಅದರ ವಿವರ ಬೇಡ, ಮೂರು ಜನರ ಪ್ಯಾಂಟು ಮನೆಗೆ ಬಂದ ಮೇಲೆ ನೆಲ ಒರೆಸುವ ಬಟ್ಟೆಯಾಯಿತು.

ಆಲೆಮನೆಗೆ ಬಂದರೆ ಅತ್ತೆ ಹಗ್ಗದ ಮಂಚದ ಮೇಲೆ ಕೂತಿದ್ದರು. ಒಂದು ಕೈಯಲ್ಲಿ ಕಬ್ಬಿನ ಹಾಲು, ಇನ್ನೊಂದು ಕೈಯಲ್ಲಿ ಆಗ ತಾನೇ ಅಚ್ಚಿನಿಂದ ಬಿಡಿಸಿದ ಬಿಸಿ ಬೆಲ್ಲ. ಸುತ್ತ ಊರಿನ ಅರ್ಧ ಹೆಂಗಸರು. ನಾವು ಕೋಟೆ ನೋಡಿ ಬರುವಷ್ಟರಲ್ಲಿ ಇವರು ಒಂದು ಹುಡುಗನಿಗೆ ಹೆಣ್ಣು ತೋರಿಸಿ, ಒಂದು ಪಾಲುಪಟ್ಟಿ ಜಗಳಕ್ಕೆ ಸಲಹೆ ಕೊಟ್ಟು, ನಮ್ಮೆಲ್ಲರ ಊಟಕ್ಕೂ ಹೇಳಿ ಆಗಿತ್ತು. ಬಿಸಿ ಮುದ್ದೆ, ಉಪ್ಸಾರು, ಖಾರ, ಮೇಲೊಂದಿಷ್ಟು ತುಪ್ಪ. ಯಜಮಾನರು ಮೂರನೇ ಮುದ್ದೆ ಮುರಿಯುತ್ತಾ, "ಆ ಬಾಗಿಲಿನ ತಿರುವು ಗಮನಿಸಿದ್ಯಾ?" ಅಂದರು. ನಾನು ಗಮನಿಸಿರಲಿಲ್ಲ. ಮುದ್ದೆ ಗಮನಿಸುತ್ತಿದ್ದೆ.

"ಏನಿತ್ತು ಮ್ಯಾಲೆ?" ಅತ್ತೆ ಕೇಳಿದರು.

"ಗೋಡೆ, ಬಾಗ್ಲು, ಕೊಳ" ಅಂದ ನಮ್ಮ ಮಗ.

"ನಾನೇಳ್ನಿಲ್ವಾ?" ಅಂದರು ಅತ್ತೆ.

ಈಗ ಮನೆಯಲ್ಲಿ ಚಿತ್ರದುರ್ಗದ ಮಾತು ನಡೆಯುತ್ತಿದೆ. ಏಳು ಸುತ್ತಿನ ಕೋಟೆ. ಬೆಳಿಗ್ಗೆ ಹೋಗಿ ಸಂಜೆ ಬರೋಕೆ ಆಗಲ್ಲ, ಒಂದು ರಾತ್ರಿ ಉಳಿಯಬೇಕು. ಅತ್ತೆಯನ್ನು ಕೇಳಿದೆವು. ಈ ಸಲ ಅವರು "ಅಲ್ಲೇನೈತೆ" ಅನ್ನಲಿಲ್ಲ. "ಅಲ್ಲಿ ನಮ್ಮೋರು ಯಾರವ್ರೆ?" ಅಂದರು. ಅವತ್ತಿನಿಂದ ಯಜಮಾನರು ಅಟ್ಟದ ಟ್ರಂಕು ಇಳಿಸಿಕೊಂಡು, ಹಳೇ ಲಗ್ನಪತ್ರಿಕೆಗಳನ್ನೆಲ್ಲ ನೆಲದ ಮೇಲೆ ಹರಡಿ ಕೂತಿದ್ದಾರೆ. ಹಿರಿಯೂರಿನವರು ಯಾರೋ ಒಬ್ಬರು ಸಿಕ್ಕಿದ್ದಾರಂತೆ, ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಇನ್ನೂ ಖಚಿತವಾಗಬೇಕಿದೆ.